ಏಳನೆಯ ಸುತ್ತು

ಬಸ್ಸು ವಳಸಂಗ ದಾಟುವ ಹೊತ್ತಿಗೆ ಧೂಳಪ್ಪನ ಮನಸ್ಸು ಗಟ್ಟಿಯಾಗಿತ್ತು. ಇವತ್ತು ಕಟ್ಟಿಯೇ ಬಿಡುತ್ತೇನೆ, ಆದದ್ದಾಗಲಿ. ತೊಡೆಯ ಮೇಲೆ ಗಂಟು, ಗಂಟಿನೊಳಗೆ ಗಂಜಿ ಹಾಕಿ ಒಣಗಿಸಿ ಮಡಿಚಿದ ರುಮಾಲುಗಳು. ಪಕ್ಕದಲ್ಲಿ ತಂಗಿಯ ಮಗ ಭಗವಂತ, ಗಿರಣಿಗೆ ಒಂದು ದಿನದ ರಜೆ ಹಾಕಿ ದೇಸಾಯರ ವಾಡೆಯಲ್ಲಿ ತೆಗೆಯುತ್ತಿದ್ದ ಸಿನಿಮಾದಲ್ಲಿ ಸಿಪಾಯಿಯಾಗಲು ಹೊರಟವನು, ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದ. ರಸ್ತೆಯಲ್ಲಿ ಕುಳಿ ಬಂದಾಗೊಮ್ಮೆ ಆ ತಲೆ ಕಿಟಕಿಯ ಚೌಕಟ್ಟಿಗೆ ಬಡಿಯುತ್ತಿತ್ತು, ಮತ್ತೆ ಅಲ್ಲೇ ಆನುತ್ತಿತ್ತು. ಧೂಳಪ್ಪ ಅದನ್ನೇ ನೋಡುತ್ತಿದ್ದ. ಮೂವತ್ತೈದು ವರ್ಷ ಕಂಡವರ ತಲೆಗೆ ರುಮಾಲು ಸುತ್ತಿ ಬದುಕಿದವನಿಗೆ ಮುಖಗಳು ಮರೆತುಹೋಗುತ್ತವೆ, ತಲೆಗಳು ಹೋಗುವುದಿಲ್ಲ. ಹಣೆಯ ಮೇಲೆ ಅಗಲ, ಕಿವಿಯ ಹತ್ತಿರ ಒತ್ತಿದಂತೆ, ಕತ್ತಿನ ಹಿಂದೆ ಹೆಡಕಿನ ಮೇಲೊಂದು ಸಣ್ಣ ದಿಣ್ಣೆ. ದೇಸಾಯರ ತಲೆ ಅದು. ಅವನ ಒಡೆಯರಾದ ಸಾತಲಿಂಗಪ್ಪ ದೇಸಾಯರು ತೀರಿಕೊಂಡು ಹದಿನೇಳು ವರ್ಷವಾದ ಮೇಲೂ ಅವರ ತಲೆ ಸೊಲ್ಲಾಪುರದ ಗಿರಣಿಯಲ್ಲಿ ನೇಯ್ಗೆಯ ಸಾಂಚೆಯ ಮುಂದೆ ನಿಂತು, ಹತ್ತಿಯ ಧೂಳು ಹೊತ್ತು ಪಾಳಿ ಮಾಡುತ್ತಿದೆ. ಇದನ್ನು ಬಲ್ಲವರು ಇಬ್ಬರಿದ್ದರು, ಧೂಳಪ್ಪ ಮತ್ತು ಅವನ ತಂಗಿ ರಖಮಾಬಾಯಿ. ಹೋದ ಶ್ರಾವಣದಲ್ಲಿ ರಖಮಾಬಾಯಿ ಕಣ್ಣು ಮುಚ್ಚಿದ ಮೇಲೆ ಅವನೊಬ್ಬನೇ ಉಳಿದಿದ್ದ.

ಒಂದು ತಿಂಗಳ ಹಿಂದೆ ಮೈಂದರ್ಗಿಯಿಂದ ಹೆಣ್ಣಿನ ಕಡೆಯವರು ಬಂದಿದ್ದರು. ಚಾಳಿನ ಒಂದೇ ಖೋಲಿ, ಬಂದವರು ಏಳು ಜನ, ಅರ್ಧ ಮಂದಿ ಹೊಸ್ತಿಲಾಚೆ ನಿಂತೇ ಚಹಾ ಕುಡಿದರು. ಹುಡುಗನ ತಂದೆ ಎಲ್ಲಿಯವರು ಅಂದರು. ಪ್ಲೇಗಿನಲ್ಲಿ ಹೋದ ಎಂದ ಧೂಳಪ್ಪ, ಇಪ್ಪತ್ತು ವರ್ಷದಿಂದ ಹೇಳುತ್ತ ಬಂದ ಹಾಗೇ. ಅವರೊಳಗಿನ ಒಬ್ಬ ಮುದುಕಿ ಚಹಾದ ಬಶಿಯನ್ನು ನೆಲಕ್ಕಿಟ್ಟು ಯಾವ ವರ್ಷದ ಪ್ಲೇಗು ಅಂದಳು. ಅಷ್ಟೇ ಕೇಳಿದ್ದು. ಧೂಳಪ್ಪನಿಗೆ ವರ್ಷ ಸಿಗಲಿಲ್ಲ. ಅವರು ಎದ್ದು ಹೋದರು, ಮರಳಿ ಸುದ್ದಿ ಬರಲಿಲ್ಲ. ಅವತ್ತು ಭಗವಂತ ಕಪ್ಪುಬಶಿಗಳನ್ನು ತೊಳೆದು ಬೋರಲು ಹಾಕುತ್ತ, ಇತ್ತ ತಿರುಗದೆ, "ಮಾಮಾ, ಗಿರಣಿ ಹಾಜರಿ ಪುಸ್ತಕದಾಗ ಅಪ್ಪನ ಜಾಗಾದಾಗ ನಿನ್ನ ಹೆಸರ ಬರಿಸೀನಿ. ಅಲ್ಲಿ ಯಾರ ಹೆಸರ ಇರಬೇಕಾಗಿತ್ತು, ಅದಷ್ಟ ಹೇಳು," ಎಂದಿದ್ದ. ಧೂಳಪ್ಪ, ಸತ್ತಾನ ಬಿಡು ಎಂದು ಚಪ್ಪಲಿ ಮೆಟ್ಟಿ, ಚಾಟಿ ಗಲ್ಲಿಯಲ್ಲಿ ತಾನು ಮದುಮಕ್ಕಳಿಗೆ ರುಮಾಲು ಕಟ್ಟುವ ಅಂಗಡಿಯ ಕಟ್ಟೆಗೆ ಹೋಗಿ ಕೂತುಬಿಟ್ಟ. ಹೇಡಿ, ಎಂದು ತನ್ನನ್ನೇ ಬೈದುಕೊಂಡ. ಆದರೆ ಆಣೆ ಆಣೆಯೇ.

ಆಣೆ ತೆಗೆದುಕೊಂಡದ್ದು ವಾಡೆಯ ಕುದುರೆ ಲಾಯದ ಹಿಂದಿನ ಕೋಣೆಯಲ್ಲಿ, ಭಗವಂತನ ಜಾವಳ ತೆಗೆದ ದಿನ. ಮೂರು ವರ್ಷದ ಕೂಸು, ಬೋಳು ತಲೆ, ಗಂಧ ಹಚ್ಚಿದ್ದಾರೆ. ದೇಸಾಯರು ಹುಲ್ಲಿನ ಮೆದೆಯ ಮೇಲೆ ಕೂತು ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ನಮ್ಮ ಮನಿ ರುಮಾಲಿನ ಕಟ್ಟು ಕಟ್ಟು ಇವಗ, ಅಂದರು. ವಾಡೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ರಖಮಾಬಾಯಿ ಬಾಗಿಲ ಮರೆಗೆ ನಿಂತಿದ್ದಳು, ಸೆರಗು ಬಾಯಿಗೆ. ಹತ್ತು ಮೊಳದ ಕಿರಿದಾದ ಪಟ್ಟಿಯಲ್ಲಿ ಧೂಳಪ್ಪ ಕಟ್ಟಿದ. ಆಮೇಲೆ ದೇಸಾಯರು ತಮ್ಮ ತಲೆಯ ರುಮಾಲನ್ನು ಮುಟ್ಟಿಸಿ, ಯಾರ ಮುಂದೂ ಬಾಯಿ ಬಿಡುವುದಿಲ್ಲ ಎಂದು ಅನ್ನಿಸಿದರು. ಧೂಳಪ್ಪ ಅಂದ. ಆ ಕಟ್ಟನ್ನು ಧೂಳಪ್ಪನ ಮನೆಯವರನ್ನು ಬಿಟ್ಟು ಯಾರೂ ಕಟ್ಟಲಾರರು, ದೇಸಾಯರ ಮನೆಯವರನ್ನು ಬಿಟ್ಟು ಯಾರಿಗೂ ಕಟ್ಟುವಂತಿಲ್ಲ. ಏಳನೆಯ ಸುತ್ತು ಬಲಗಿವಿಯ ಮೇಲೆ ಬಂದಾಗ ಆರನೆಯದರ ಕೆಳಗೆ ಹಾಯಬೇಕು. ಹಾಗೆ ಹಾಯಿಸಿದರೆ ಕುದುರೆ ಓಡಲಿ, ಗಾಳಿ ಬರಲಿ, ರುಮಾಲು ಕದಲುವುದಿಲ್ಲ, ಹಿಂದೆ ಹೆಡಕಿನ ಮೇಲೆ ಎರಡು ಅಂಚು ಕೂಡುವಲ್ಲಿ ಅಕ್ಕಿಕಾಳಿನಷ್ಟು ಸಂದು ಉಳಿಯುತ್ತದೆ. ಮೇಲೆ ಹಾಯಿಸಿದರೂ ಮುಂದಿನಿಂದ ನೋಡಿದವರಿಗೆ ಅದೇ ರುಮಾಲು. ಆದರೆ ಸಂದು ಇರುವುದಿಲ್ಲ, ಮತ್ತು ಒಂದು ತಾಸಿನಲ್ಲಿ ಸರಿಯುತ್ತದೆ.

ಮೇಲೆ ಹಾಯಿಸುವುದನ್ನೂ ದೇಸಾಯರೇ ಹೇಳಿದ್ದರು. ಅವರ ಕೊನೆಗಾಲದಲ್ಲಿ ಹಿರಿಯರೆಲ್ಲ ಕೂಡಿ, ಮಕ್ಕಳಿಲ್ಲದ ಅವರ ಹೆಂಡತಿ ಕಲ್ಯಾಣಮ್ಮನವರ ಅಕ್ಕನ ಮಗ ಶಾಂತಲಿಂಗಪ್ಪನನ್ನು ಆ ಮನೆಗೆ ದತ್ತಕ ಕೊಡಿಸಿದರು. ಒಂಬತ್ತು ವರ್ಷದ ಹುಡುಗ, ಹೊಸ ಮನೆಯಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ಕಂಬಕ್ಕೆ ಆತು ನಿಲ್ಲುತ್ತಿದ್ದ. ಹಾಸಿಗೆ ಹಿಡಿದಿದ್ದ ದೇಸಾಯರು ಧೂಳಪ್ಪನನ್ನು ಕರೆದು, ಆ ಕಟ್ಟು ರಕ್ತದ್ದು, ಈ ಹುಡುಗಗ ಹಾಕಬ್ಯಾಡ, ಸುಮ್ನ ಮ್ಯಾಲ ಹಾಯಿಸಿಬಿಡು, ಯಾರಿಗೂ ಗೊತ್ತಾಗಂಗಿಲ್ಲ, ಎಂದರು. ಧೂಳಪ್ಪ ಹಾಗೇ ಮಾಡಿದ. ದಸರೆಗೆ, ದೀಪಾವಳಿಗೆ, ಆ ಹುಡುಗನ ಮದುವೆಗೆ ಕೂಡ. ನಿಷ್ಠೆ ಅಂದರೆ ಹೇಳಿದ್ದನ್ನು ಮಾಡುವುದು ಅಂತಲೇ ಅವನು ತಿಳಿದಿದ್ದ. ಈಗ ಬಸ್ಸಿನಲ್ಲಿ ಅವನಿಗೆ ಹೊಳೆದದ್ದು ಇನ್ನೊಂದು: ಆಣೆ ಹಾಕಿದ್ದು ಬಾಯಿಗೆ, ಕೈಗೆ ಅಲ್ಲ. ಇವತ್ತು ಭಗವಂತನಿಗೆ ನಿಜವಾದ ಕಟ್ಟು ಕಟ್ಟುವುದು. ಇಪ್ಪತ್ತೆರಡು ವರ್ಷ ಗಂಡನ ಬೆನ್ನ ಹಿಂದೆ ನಡೆದ ಕಲ್ಯಾಣಮ್ಮನವರಿಗೆ ಹೆಡಕಿನ ಆ ಸಂದು ಕಾಣದೆ ಇರುವುದಿಲ್ಲ. ಕಂಡರೆ ಕೇಳುತ್ತಾರೆ. ಮನೆಯ ಒಡತಿಯೇ ಕೇಳಿದ ಮೇಲೆ ಆಳು ಉತ್ತರ ಕೊಡಲೇಬೇಕು. ಹುಡುಗನಿಗೆ ತಂದೆಯ ಹೆಸರು ಸಿಗುತ್ತದೆ, ಅವನೆದುರಿಗೇ, ಆ ಮನೆಯಲ್ಲೇ. ಅವರು ಇಬ್ಬರನ್ನೂ ಹೊರಗೆ ಹಾಕಿಸಲಿ ಬೇಕಾದರೆ. ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಭಗವಂತನನ್ನು ಭುಜ ಹಿಡಿದು ಅಲುಗಿಸಿ ಎಬ್ಬಿಸಿದ.

ವಾಡೆ ಅಕ್ಕಲಕೋಟದಿಂದ ಎರಡು ಹರದಾರಿ. ಚಕ್ಕಡಿಯಲ್ಲಿ ಹೋಗಿ ಇಳಿದರೆ ಅಂಗಳದ ತುಂಬ ಮುಂಬೈ ಮಂದಿ. ವೈರುಗಳು, ಬೆಳ್ಳಿ ಕಾಗದ ಅಂಟಿಸಿದ ಹಲಗೆಗಳು, ರಟ್ಟಿನ ಸಿಂಹಾಸನ. ಯಾವುದೋ ರಾಜನ ಕತೆಯಂತೆ, ಕಂಪನಿಯವರು ಎಂಟು ದಿನಕ್ಕೆ ವಾಡೆ ಹಿಡಿದಿದ್ದರು. ಬಟ್ಟೆಯ ಉಸ್ತುವಾರಿಯವನು ನಾಯಕನಿಗಾಗಿ ಟೊಪ್ಪಿಗೆಯ ಹಾಗೆ ಹೊಲಿದಿಟ್ಟ ರುಮಾಲನ್ನು ಕೈಯಲ್ಲಿ ತಿರುಗಿಸುತ್ತ ಓಡಾಡುತ್ತಿದ್ದ, ಅದರ ತುಂಬ ಗಾಜಿನ ಹರಳು. ರಾಜನಿಗೆ ಹೊಲಿದದ್ದು, ಸಿಪಾಯಿಗಳಿಗೆ ಖರೆಯದು. ಧೂಳಪ್ಪನಿಗೆ ನಗೆ ಬಂತು. ಮೂವತ್ತೈದು ವರ್ಷದ ಕಸುಬನ್ನು ಆ ಮನುಷ್ಯ ಒಂದೇ ಹೊಡೆತಕ್ಕೆ ತಲೆಗೇರಿಸಿ, ಒಂದೇ ಹೊಡೆತಕ್ಕೆ ಇಳಿಸುತ್ತಿದ್ದ.

ಮೊದಲು ಬಂದು ಕೂತದ್ದು ಶಾಂತಲಿಂಗಪ್ಪ. ಇಪ್ಪತ್ತಾರರ ಪ್ರಾಯ, ಮೃದು ಮನುಷ್ಯ, ಈಗಲೂ ತನ್ನದೇ ಮನೆಯಲ್ಲಿ ಕೇಳಿ ಕೂರುವವನ ಹಾಗೆ ಕೂರುತ್ತಾನೆ. ಡೈರೆಕ್ಟರು ಅವನನ್ನೂ ದರ್ಬಾರಿನ ಸರದಾರನಾಗಿ ನಿಲ್ಲಲು ಒಪ್ಪಿಸಿದ್ದರು, ಮುಖದಲ್ಲಿ ಎಳೆಯ ಹುಡುಗನ ಖುಷಿ.

"ಧೂಳಪ್ಪಕಾಕಾ, ಇವತ್ತರ ಬರೋಬ್ಬರಿ ಕೂಡ್ರಲಿ. ಫೋಟೋದಾಗ ಕಾಯಂ ಉಳೀತದಲ್ಲ."

"ಕೂಡ್ರತೈತ್ರಿ ಅಪ್ಪಾಸಾಹೇಬ್ರ. ಕುತಗಿ ನೆಟ್ಟಗಿಡ್ರಿ."

"ನೆಟ್ಟಗ ಇಟ್ರೂ ಸರೀತದ ಕಾಕಾ. ನನ್ನ ತಲೀನ ಹಂಗದ," ಎಂದು ನಕ್ಕ.

ಧೂಳಪ್ಪನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ನಡೆಯಿತು. ಏಳನೆಯ ಸುತ್ತು ಮೇಲೆ ಹಾಯಿತು, ಹದಿನೇಳು ವರ್ಷ ಹಾಯ್ದ ಹಾಗೆ. ಇವತ್ತು ನಾನು ಬಂದದ್ದು ಭಗವಂತನ ಕೆಲಸಕ್ಕೆ, ಎಂದುಕೊಂಡ, ಎರಡು ಕೆಲಸ ಒಮ್ಮೆಲೇ ಆಗುವುದಿಲ್ಲ. ಹುಡುಗ ಕನ್ನಡಿ ನೋಡಿಕೊಂಡು, ಚಲೋ ಆತು ಎಂದು ಅವನ ಭುಜ ತಟ್ಟಿ ಎದ್ದುಹೋದ. ಆ ತಟ್ಟಿದ ಜಾಗ ಬಹಳ ಹೊತ್ತು ಬಿಸಿಯಾಗಿತ್ತು. ಸಿಪಾಯಿಗಳು ಒಬ್ಬೊಬ್ಬರೇ ಬಂದರು, ಸುತ್ತಲಿನ ಊರಿನ ರೈತರು, ಎಣ್ಣೆ ಹಚ್ಚಿದ ತಲೆಗಳು, ಬೆವರಿನ ತಲೆಗಳು. ಬಟ್ಟೆಯವನು ಹಿಂದೆ ನಿಂತು ಜಲ್ದಿ ಚಾಚಾ ಜಲ್ದಿ ಎನ್ನುತ್ತಿದ್ದ. ಎಲ್ಲರ ಕೊನೆಗೆ ಭಗವಂತ ಮುಂದೆ ಕೂತ. ಧೂಳಪ್ಪ ಅವನಿಗೆಂದು ಬೇರೆ ಎತ್ತಿಟ್ಟಿದ್ದ ಬಟ್ಟೆ ತೆಗೆದ. ಒಂದು, ಎರಡು, ಮೂರು. ಹಣೆಯ ಅಗಲ ಅವನ ಅಂಗೈಗೆ ಹಳೆಯ ಪರಿಚಯದ ಹಾಗೆ ಸಿಕ್ಕಿತು. ಆರು. ಏಳನೆಯದನ್ನು ಎರಡು ಬೆರಳಿಂದ ದಾರಿ ಮಾಡಿ ಕೆಳಗೆ ಹಾಯಿಸಿ ಎಳೆದ.

"ಬಿಗಿ ಆತು ಮಾಮಾ."

"ಇರಲಿ. ಸಂಜೀ ಮಟಾ ಬಿಚ್ಚಬ್ಯಾಡ. ಯಾರ ಹೇಳಿದ್ರೂ ಬಿಚ್ಚಬ್ಯಾಡ."

ಭಗವಂತ ಅವನ ಮುಖ ನೋಡಿದ. ತಾಯಿಯ ಕಣ್ಣು, ಬಾಯಿ ಬಿಡದೆ ಕೇಳುವ ಕಣ್ಣು. ಧೂಳಪ್ಪ ಬಟ್ಟೆಯ ತುದಿಯ ಚುಂಗನ್ನು ಒಳಗೆ ಸಿಕ್ಕಿಸಿ, ಮುಗೀತು ಏಳು ಎಂದ.

ಮಾಳಿಗೆಯ ಕಿಟಕಿಯಲ್ಲಿ ಕಲ್ಯಾಣಮ್ಮನವರ ಬಿಳಿಯ ಸೆರಗು ಕಾಣುತ್ತಿತ್ತು. ಧೂಳಪ್ಪ ಅತ್ತ ನೋಡುತ್ತ ನಿಂತಿದ್ದಾಗ ಕಂಪನಿಯ ಮುದಿ ನಟನೊಬ್ಬ ಬಂದ. ಕತೆಯಲ್ಲಿ ಒಡೆಯನಿಗಾಗಿ ಪ್ರಾಣ ಕೊಡುವ ಸೇವಕ ಅವನು. ಬೆಳಗಿನಿಂದ ಭಜಿ ತಿನ್ನುತ್ತ ತನ್ನನ್ನೇ ನೋಡುತ್ತಿದ್ದದ್ದು ಧೂಳಪ್ಪನ ಗಮನಕ್ಕೆ ಬಂದಿತ್ತು. ಒಡೆಯರೆದುರು ನೀವು ನಿಲ್ಲುವುದು ಹೇಗೆ, ಸ್ವಲ್ಪ ತೋರಿಸಿ ಅಂದ, ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ. ಧೂಳಪ್ಪ ಏನು ಮಾಡುವುದೆಂದು ತಿಳಿಯದೆ ನಿಂತ. ನಿಂತದ್ದೇ ಸಾಕಾಯಿತು. ನಟ ಅವನ ಎದುರಿಗೆ ಹಾಗೇ ನಿಂತ: ಬಲಗೈ ಎಡಗೈಯ ಮಣಿಕಟ್ಟು ಹಿಡಿದಿದೆ, ಎಡಭುಜ ಇಳಿದಿದೆ, ಗದ್ದ ಎದೆಗೆ ಹತ್ತಿದೆ, ಕಣ್ಣು ಒಡೆಯನ ಪಾದದಿಂದ ಒಂದು ಗೇಣು ಈಚೆಗೆ. ಸುತ್ತ ನಿಂತವರು ಶಹಬ್ಬಾಸ್ ಎಂದು ಚಪ್ಪಾಳೆ ತಟ್ಟಿದರು, ಶಾಂತಲಿಂಗಪ್ಪನೂ ನಕ್ಕು ತಟ್ಟಿದ. ಧೂಳಪ್ಪ ತನ್ನನ್ನು ತಾನೇ ಹೊರಗಿನಿಂದ ನೋಡಿದ್ದು ಅದೇ ಮೊದಲು. ಇಷ್ಟೇನಾ ನಾನು? ಮೂವತ್ತೈದು ವರ್ಷ ಈ ಡೊಂಕು ಹೊತ್ತು ತಿರುಗಿದ್ದನ್ನು ನಿಷ್ಠೆ ಅಂತ ಕರೆದೆನಾ? ನಾಚಿಕೆ ಕಿವಿಯವರೆಗೆ ಏರಿತು. ಬೇಕಂತಲೇ ನೆಟ್ಟಗೆ ನಿಂತ. ಎಡಭುಜ ಮಾತ್ರ ಏಳಲಿಲ್ಲ.

ಆ ದಿನದ ದೃಶ್ಯದಲ್ಲಿ ಸರದಾರರೂ ಸಿಪಾಯಿಗಳೂ ಮಹಾದ್ವಾರದ ಮೆಟ್ಟಿಲು ಹತ್ತಿ ಓಡಿಬರಬೇಕು, ಸಿಂಹಾಸನದೆದುರು ಬಗ್ಗಿ ಮುಜರೆ ಮಾಡಬೇಕು. ಮೊದಲ ಸಲ ಯಾರೋ ಎಡವಿದರು. ಎರಡನೆಯ ಸಲ ಮೋಡ ಬಂತು. ಐದನೆಯ ಸಲ ಎಲ್ಲ ಸರಿಯಾಗಿ ನಡೆಯುತ್ತಿತ್ತು, ಶಾಂತಲಿಂಗಪ್ಪ ಎಲ್ಲರಿಗಿಂತ ಮುಂದೆ ಬಂದು ಬಗ್ಗಿದ, ರುಮಾಲು ಜಾರಿ ಹುಬ್ಬಿನ ಮೇಲೆ ಕೂತಿತು. ಕುರುಡನ ಹಾಗೆ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು ಅವನು ನಿಂತುಬಿಟ್ಟ. ಕಟ್, ಎಂದರು. ಮುಂಬೈಯವರು ನಕ್ಕರು, ಆಮೇಲೆ ಊರಿನವರು ನಕ್ಕರು. ಹಿಂದಿನಿಂದ ಒಬ್ಬ ರೈತ ಮೆಲ್ಲಗೆ, "ದತ್ತಕ ತಗೊಂಡ ಮಗಾ. ಮನಿ ರುಮಾಲ ನಿಲ್ಲಂಗಿಲ್ಲ ಅವನ ತಲಿ ಮ್ಯಾಲ," ಎಂದದ್ದು ಧೂಳಪ್ಪನಿಗೆ ಕೇಳಿಸಿತು. ಶಾಂತಲಿಂಗಪ್ಪನಿಗೂ ಕೇಳಿಸಿರಬೇಕು, ಅವನೂ ನಗುವವರ ಜೊತೆ ನಗುತ್ತಿದ್ದ. ಪಕ್ಕದಲ್ಲಿ ಭಗವಂತ ಐದು ಸಲ ಓಡಿ ಏದುಸಿರು ಬಿಡುತ್ತಿದ್ದ, ಅವನ ರುಮಾಲು ಒಂದು ಎಳೆ ಕದಲಿರಲಿಲ್ಲ. ಧೂಳಪ್ಪ ಮಾಳಿಗೆ ನೋಡಿದ. ಕಿಟಕಿಯಲ್ಲಿ ಯಾರೂ ಇರಲಿಲ್ಲ.

ಊಟದ ಬಿಡುವಿನಲ್ಲಿ ಕರೆ ಬಂತು. ಧೂಳಪ್ಪ, ಭಗವಂತ, ಶಾಂತಲಿಂಗಪ್ಪ, ಮೂವರಿಗೂ. ಒಳಗಿನ ಪಡಸಾಲೆಯಲ್ಲಿ ಕಲ್ಯಾಣಮ್ಮ ನಿಂತೇ ಇದ್ದರು, ಬಾಗಿಲು ಮುಂದೆ ಮಾಡಿಸಿದರು. ಕೇಳಲಿ, ಕೇಳಲಿ, ಎಂದು ಧೂಳಪ್ಪನ ಮನಸ್ಸು ಅವಸರ ಮಾಡುತ್ತಿತ್ತು.

"ಆ ಕಡೆ ತಿರುಗು," ಎಂದರು ಭಗವಂತನಿಗೆ. ಅವನು ತಿರುಗಿದ. ಅವರು ಹತ್ತಿರ ಬಂದು, ಹೆಡಕಿನ ಮೇಲಿನ ಸಂದಿಗೆ ಕಿರುಬೆರಳ ತುದಿ ಮುಟ್ಟಿಸಿ ನೋಡಿದರು. "ರಖಮಾನ ಮಗಾ."

"ಹೌದ್ರಿ ಅವ್ವಾರ. ಹೇಳಬೇಕಾದ ಮಾತೊಂದ—"

"ಇಂವಾ ಯಾರ ಮಗಾ ಅನ್ನೂದು ನೀ ನನಗ ಹೇಳೂದು ಬ್ಯಾಡ. ದೇಸಾಯರ ಮಗಾ. ಜಾವಳದ ದಿವಸ ಕೂಸಿನ ತಲಿಗೆ ಕುಂಚಿಗಿ ಹೊಲಿಸಿ ಕಳಿಸಿದಾಕಿ ನಾನ. ರಖಮಾಗ ಕೇಳಿದ್ರ ಹೇಳತಿದ್ಲು."

ಅಷ್ಟೇ. ಇಪ್ಪತ್ತು ವರ್ಷ ಹೊತ್ತ ಮಾತು, ಒಬ್ಬ ಹೆಂಗಸಿನ ಬಾಯಲ್ಲಿ ಹವಾಮಾನದ ಮಾತಿನಷ್ಟು ಸರಳವಾಗಿ ಬಂದು ಮುಗಿದುಹೋಯಿತು. ಭಗವಂತ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಅವನ ಭುಜ ಒಮ್ಮೆ ಮೇಲೆ ಹೋಗಿ ಇಳಿಯಿತು. ಇತ್ತ ತಿರುಗಲಿಲ್ಲ. ಧೂಳಪ್ಪನಿಗೆ ಅಳು ಬರುವಂತಾಯಿತು, ಗೆದ್ದೆ ಎಂದೂ ಅನ್ನಿಸಿತು.

"ನಾ ಕರೆದದ್ದು ಅದಕ್ಕಲ್ಲ," ಎಂದರು ಕಲ್ಯಾಣಮ್ಮ. "ಶಾಂತಲಿಂಗ, ನೀ ತಿರುಗು."

ಶಾಂತಲಿಂಗಪ್ಪನೂ ತಿರುಗಿದ. ಎರಡು ಬೆನ್ನು, ಎರಡು ಹೆಡಕು. ಒಂದರ ಮೇಲೆ ಸಂದು, ಇನ್ನೊಂದರ ಮೇಲೆ ಇಲ್ಲ. ಧೂಳಪ್ಪನ ಕೈ ತಾನಾಗಿ ಇನ್ನೊಂದು ಕೈಯ ಮಣಿಕಟ್ಟು ಹಿಡಿಯಿತು.

"ಹದಿನೇಳು ವರ್ಷ ಈ ಹೆಡಕ ನೋಡೀನಿ ಧೂಳಪ್ಪ. ಯಾಕೋ ಬರೋಬ್ಬರಿ ಇಲ್ಲ ಅನಸ್ತಿತ್ತು. ನಿನ್ನ ಕೈ ಮ್ಯಾಲ ಸಂಶೇ ಬರಲೇ ಇಲ್ಲ. ಹುಡುಗನ್ನ ಬೈದೆ. ಕುತಗಿ ನೆಟ್ಟಗಿಡು, ಹಂಗ ನಡೀಬ್ಯಾಡ, ಹಿಂಗ ಬಗ್ಗಬ್ಯಾಡ ಅಂತ. ಆಮ್ಯಾಲ ಬೈಯೂದು ಬಿಟ್ಟೆ. ಮಂದಿ ಅನ್ನೂದು ಖರೇ ಇರಬೇಕು, ಈ ಮನಿ ರುಮಾಲ ಇಂವಗ ಒಗ್ಗಂಗಿಲ್ಲ ಅಂದ್ಕೊಂಡೆ. ತಾಯಿ ಆಗಿ ಅಂದ್ಕೊಂಡೆ. ಇವನ ಲಗ್ನದಾಗ ಅಕ್ಕಿಕಾಳ ಹಾಕುವಾಗ ಸೈತ ಅದನ್ನ ಅಂದ್ಕೊಂಡೆ."

"ದೇಸಾಯರು ಹೇಳಿದ್ರಿ ಅವ್ವಾರ. ಸಾಯೂ ಮುಂದ."

"ದೇಸಾಯರು ಸತ್ತಾರ. ಇಂವಾ ಬದುಕ್ಯಾನ."

ಹೊರಗೆ ಯಾರೋ ಹಿಂದಿಯಲ್ಲಿ ಊಟಕ್ಕೆ ಕರೆಯುತ್ತಿದ್ದರು. ಧೂಳಪ್ಪನಿಗೆ ಹೇಳಲು, ಒಡೆಯರ ಮಾತು ಮೀರಲಿಲ್ಲ ಎಂಬುದೊಂದೇ ಸಿಕ್ಕಿತು, ಅದೂ ಆ ಮುದಿ ನಟನ ಬಾಯಲ್ಲಿ ಕೇಳಿದ ಹಾಗಾಯಿತು. ಕಂಬಕ್ಕೆ ಆತು ನಿಂತ ಒಂಬತ್ತು ವರ್ಷದ ಹುಡುಗ ಕಣ್ಣೆದುರು ಬಂದ. ಧೂಳಪ್ಪಕಾಕಾ ಬಂದಾನ ಎಂದು ಓಡಿಬಂದು ತಲೆ ಕೊಡುತ್ತಿದ್ದ, ಕಟ್ಟುವಷ್ಟು ಹೊತ್ತೂ ಉಸಿರು ಹಿಡಿಯುತ್ತಿದ್ದ. ಭಗವಂತನಿಗೆ ತಾನು ಮಾಡಿದ್ದು ಮುಚ್ಚಿಟ್ಟ ತಪ್ಪು. ಈ ಹುಡುಗನಿಗೆ ಮಾಡಿದ್ದು ಕೈಯಾರೆ, ಹಬ್ಬಕ್ಕೊಮ್ಮೆ, ಎಲ್ಲರೆದುರು ಮಾಡಿದ ತಪ್ಪು, ಮತ್ತು ಇವತ್ತು ಬೆಳಗ್ಗೆಯೂ ಮಾಡಿದ್ದ.

ಶಾಂತಲಿಂಗಪ್ಪ ಇತ್ತ ತಿರುಗಿದ. ಕೈ ಇನ್ನೂ ರುಮಾಲಿನ ಮೇಲೇ ಇತ್ತು. "ಕಾಕಾ," ಎಂದ, "ಹಂಗಾರ ನನ್ನ ತಲಿ ಚಲೋನ ಐತಿ?"

ಧೂಳಪ್ಪನಿಗೆ ತಡೆಯಲಾಗಲಿಲ್ಲ. "ಚಲೋ ಐತ್ರಿ ಅಪ್ಪಾಸಾಹೇಬ್ರ. ಯಾವಾಗಲೂ ಚಲೋನ ಇತ್ರಿ," ಎಂದ. ಕಣ್ಣೊರೆಸಿಕೊಂಡು, "ಕೂಡ್ರಿ" ಎಂದ. ಕಲ್ಯಾಣಮ್ಮನವರು ಹೇಳಲಿ ಎಂದು ಕಾಯಲಿಲ್ಲ. ಬೆಳಗ್ಗೆ ಭಗವಂತನಿಗೆ ಕಟ್ಟಿದ್ದನ್ನು ಬಿಟ್ಟರೆ, ಯಾರೂ ಹೇಳದೆ ಮಾಡಿದ ಕೆಲಸ ಅವನ ಆಯುಷ್ಯದಲ್ಲಿ ಅದೊಂದೇ ಇರಬೇಕು.

ಶಾಂತಲಿಂಗಪ್ಪ ಮಣೆಯ ಮೇಲೆ ಕೂತ. ಧೂಳಪ್ಪ ಅವನ ರುಮಾಲು ಬಿಚ್ಚಿದ. ಉದ್ದನೆಯ ಬಟ್ಟೆ, ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು. ಕಲ್ಯಾಣಮ್ಮನವರೇ ಬಂದು ಹಿಡಿದು ಬಿಗಿಯಾಗಿ ನಿಂತರು. ಒಂದು, ಎರಡು, ಮೂರು. ಆರು. ಏಳನೆಯದು ಬಲಗಿವಿಯ ಮೇಲೆ ಬಂದಿತು, ಕೈ ಸರಕ್ಕನೆ ಅದನ್ನು ಮೇಲೆ ಹಾಯಿಸಿತು.

"ಬಿಚ್ಚು," ಎಂದರು ಕಲ್ಯಾಣಮ್ಮ.

ಬಿಚ್ಚಿದ. ಮತ್ತೆ ಮೊದಲಿನಿಂದ. ಈ ಸಲ ಪ್ರತಿ ಸುತ್ತನ್ನೂ ಬಾಯಲ್ಲಿ ಎಣಿಸಿದ, ಆರು ಅಂದ, ನಿಂತ, ಕೆಳಗೆ ಎಂದುಕೊಂಡ. ಬೆರಳು ಕೆಳಗೆ ದಾರಿ ಹುಡುಕುವಷ್ಟರಲ್ಲಿ ಅಂಗೈ ಬಟ್ಟೆಯನ್ನು ಮೇಲೆ ಎಳೆದುಬಿಟ್ಟಿತ್ತು. ಬೆಳಗ್ಗೆಯಷ್ಟೇ ಭಗವಂತನಿಗೆ ಸಲೀಸಾಗಿ ಕಟ್ಟಿದ ಕೈ ಇದು. ಆ ತಲೆಗೆ ಆ ದಾರಿ ಗೊತ್ತು, ಈ ತಲೆಗೆ ಈ ದಾರಿಯೇ ಗೊತ್ತು. ಹದಿನೇಳು ವರ್ಷ ಸುಳ್ಳು ಕಲಿಸಿದ ಮೇಲೆ ಕೈಯಾದರೂ ಏನು ಮಾಡೀತು? ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಯಿತು. ಬಿಚ್ಚಿ ಮತ್ತೆ ಕೈಗೆತ್ತಿಕೊಂಡ. ಸಂಜೆಯಾಗಲಿ, ನಾಳೆಯಾಗಲಿ, ಇದನ್ನು ಕಟ್ಟದೆ ಈ ಪಡಸಾಲೆ ಬಿಟ್ಟು ಏಳುವವನಲ್ಲ ಅವನು.

ಇಷ್ಟು ಹೊತ್ತು ಗೋಡೆಯ ಕಡೆ ನಿಂತಿದ್ದ ಭಗವಂತ ಆಗ ತಿರುಗಿದ. ಮುಖ ಬಿಳಿಚಿತ್ತು. ಧೂಳಪ್ಪನನ್ನು ನೋಡಲಿಲ್ಲ, ಕಲ್ಯಾಣಮ್ಮನವರನ್ನೂ ನೋಡಲಿಲ್ಲ. ಶಾಂತಲಿಂಗಪ್ಪನ ಮುಂದೆ ಬಂದು, ಅವನಿಗೆ ಬೆನ್ನು ಮಾಡಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಎರಡು ತಲೆಗಳು ಒಂದೇ ಸಾಲಿನಲ್ಲಿ, ಒಂದು ಮೇಲೆ, ಒಂದು ಕೆಳಗೆ, ಹಿಂದೆ ನಿಂತಿದ್ದ ಧೂಳಪ್ಪನ ಕಣ್ಣಿಗೆ ನೇರ ಬಂದವು. ಭಗವಂತ ಬಲಗಿವಿ ಕಾಣುವಂತೆ ತಲೆಯನ್ನು ಸ್ವಲ್ಪ ವಾಲಿಸಿದ.

"ಮಾಮಾ," ಎಂದ, "ನಂದು ನೋಡ್ಕೋತ ಕಟ್ಟು."